ಬಿಳಿ ಐದಕ್ಕಿಂತ ಒಂಚೂರು ಕೆಳಗೆ

ಕಿವಿ ಇರುವವರಿಗೆಲ್ಲ ಕೇಳಿಸುತ್ತದೆ ಎಂದು ನಂಬಿರುವವರು ನನ್ನನ್ನು ನೋಡಿಲ್ಲ. ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಹೇಳುತ್ತಿದ್ದೆ. ಕಂಪನ, ನಾದ, ಅನುರಣನ ಎಂದು ಬೋರ್ಡಿನ ಮೇಲೆ ಅಲೆಗಳನ್ನು ಬರೆದು ಬರೆದು ಅಂಗಿಯ ತೋಳೆಲ್ಲ ಸೀಮೆಸುಣ್ಣದ ಪುಡಿಯಾಗುತ್ತಿತ್ತು. ಒಂದು ಸ್ವರಕ್ಕೂ ಇನ್ನೊಂದಕ್ಕೂ ಅಂತರ ಎಷ್ಟೆಂದು ಲೆಕ್ಕ ಹಾಕಿ ತೋರಿಸಬಲ್ಲೆ. ಆದರೆ ಎರಡನ್ನೂ ನುಡಿಸಿ ಯಾವುದು ಮೇಲಿನದು ಎಂದು ಕೇಳಿದರೆ ನುಡಿಸಿದವರ ಮುಖ ನೋಡಿ ಊಹಿಸಬೇಕು. ಇಂಥವನಿಗೆ ಹಾಡುವ ಹೆಂಡತಿ ಸಿಕ್ಕಿದ್ದು ಯಾರ ತಪ್ಪೂ ಅಲ್ಲ. ಹೆಣ್ಣು ನೋಡಲು ಸೊರಬದ ಹತ್ತಿರದ ಜಡೆ ಎಂಬ ಊರಿಗೆ ಹೋದಾಗ ಅವಳು ಹಾಡಿದಳು, ಬಂದವರೆಲ್ಲ ತಲೆದೂಗಿದರು, ನಾನೂ ತೂಗಿದೆ. ಆ ತೂಗಾಟದ ಮೇಲೆಯೇ ನಮ್ಮ ಸಂಸಾರ ನಿಂತಿದೆ.

ಮಂಗಳಾ ಶಿಕಾರಿಪುರದ ನಮ್ಮ ಬೀದಿಯ ಅಕ್ಕನ ಬಳಗದಲ್ಲಿ ವಚನ ಹಾಡುತ್ತಿದ್ದಳು. ಬಳಗದ ಹಾರ್ಮೋನಿಯಂ ಹಿರಿಯರಾದ ನೀಲಮ್ಮನವರ ಮನೆಯಲ್ಲಿರುತ್ತಿತ್ತು, ಅದನ್ನು ನುಡಿಸುವವರೂ ಅವರೇ. ಹಾರ್ಮೋನಿಯಂನ ಮನೆಗಳನ್ನು ಬಿಳಿ ಒಂದು, ಬಿಳಿ ಎರಡು, ಕರಿ ಒಂದು ಎಂದು ಎಣಿಕೆಯಿಂದಲೇ ಕರೆಯುತ್ತಾರೆ. ಯಾರ ಶ್ರುತಿ ಯಾವ ಮನೆಯದು ಎಂಬುದು ಬಳಗದಲ್ಲಿ ಅವರವರ ಹೆಸರಿನಷ್ಟೇ ಖಾಯಂ. ಮಂಗಳಾ ಎಂದರೆ ಬಿಳಿ ಐದು. ತೊಂಬತ್ತರ ದಶಕದ ನಡುವೆಲ್ಲೋ (ಇಸವಿ ನನ್ನ ನೆನಪಿನಲ್ಲಿ ಒಂದು, ಅವಳ ನೆನಪಿನಲ್ಲಿ ಇನ್ನೊಂದು) ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸಿ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮಾತಿಗೇನೂ ತೊಂದರೆಯಿಲ್ಲ, ಹಾಡು ಮಾತ್ರ ಕಾದು ನೋಡೋಣ ಎಂದರು ಡಾಕ್ಟರು. ಕಾದು ನೋಡಿದ್ದಾಯಿತು. ಮೇಲಿನ ಷಡ್ಜದ ಹತ್ತಿರ ಹೋಗುತ್ತಲೇ ದನಿ ಒಡೆಯುತ್ತಿತ್ತು. ನೀಲಮ್ಮನವರು ಪಕ್ಕದ ತಗ್ಗಿನ ಮನೆ, ಕರಿ ಮೂರು, ಹಿಡಿದು ನೋಡಿದರು. ಅದೂ ಒಗ್ಗಲಿಲ್ಲ.

"ಕರಿ ಮೂರಕ್ಕೆ ಇಳಿದ್ರೆ ಯಾರದೋ ರವಿಕೆ ತೊಟ್ಟಂಗಾಗ್ತದೆ ರೀ. ಬಿಳಿ ಐದಕ್ಕೆ ಗಂಟ್ಲು ಹತ್ತಲ್ಲ. ನಂದೀಗ ಅವೆರಡ್ರ ನಡುವೆ ಎಲ್ಲೋ ಅದೆ. ಅಲ್ಲಿ ಮನೇನೇ ಇಲ್ಲ," ಎಂದಳು ಮಂಗಳಾ.

ಆ ಹೊತ್ತಿಗೇ ಸೊರಬದ ಬಳಗದವರು ಶಿಕಾರಿಪುರದವರನ್ನು ಹಾಡಲು ಕರೆದಿದ್ದರು. ಮೊದಲ ವಚನ ಒಬ್ಬಳೇ ಹಾಡುವುದು ಮಂಗಳಾಳ ಪಾಲಿನದು, ಕೇಳಲು ಜಡೆಯಿಂದ ತವರಿನವರೆಲ್ಲ ಬರುವವರು. ಅದನ್ನು ಬೇರೆಯವರಿಗೆ ಕೊಡಿ ಎಂದು ಇವಳು ಹೇಳಲು ಹೋದಾಗ ನೀಲಮ್ಮನವರು ತರಕಾರಿ ಹೆಚ್ಚುತ್ತಲೇ, "ಕೊಡ್ತೀನವ್ವ, ಅದೇನ್ ದೊಡ್ಡದು. ಆದ್ರ ಈ ಸಲ ನೀ ಎದ್ದು ಹೋದ್ರ ಮತ್ತ ಬಂದು ಕೂಡಂಗಿಲ್ಲ. ಅದು ನಿನಗೂ ಗೊತ್ತೈತಿ, ನನಗೂ ಗೊತ್ತೈತಿ," ಎಂದರಂತೆ. ಮನೆಗೆ ಬಂದು ಮಂಗಳಾ ಯಾರೊಂದಿಗೂ ಮಾತಾಡಲಿಲ್ಲ. ಮನೆಯಲ್ಲಿದ್ದವನು ನಾನೊಬ್ಬನೇ ಆದ್ದರಿಂದ ಮಾತಾಡದೆ ಇದ್ದದ್ದು ನನ್ನೊಂದಿಗೆ.

"ಎರಡರ ನಡುವೆ ಇದ್ದರೇನು? ಅದಕ್ಕೂ ಒಂದು ಸಂಖ್ಯೆ ಇದ್ದೇ ಇರುತ್ತೆ. ಆ ಶ್ರುತಿ ನಾನು ಮಾಡಿಕೊಡ್ತೀನಿ," ಎಂದೆ.

"ಸಂಖ್ಯೆ ಹಾಡ್ತದಾ?" ಎಂದಳು. ಅಂತೂ ಮಾತಾಡಿದಳು.

ನಡುಮನೆಯಲ್ಲಿ ಆಗ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ ನಾನು ಪದಗಳನ್ನು ಕಲಸಿ ಕವಿತೆ ಹೊರಡಿಸುವ ಪ್ರೋಗ್ರಾಂ ಬರೆದಿದ್ದೆ. ನಿನ್ನ ಸ್ವಂತ ಕವಿತೆಗಳಿಗಿಂತ ಇವು ಅರ್ಥವಾಗುತ್ತವೆ ಎಂದು ಗೆಳೆಯರು ಹೇಳಿದ ಮೇಲೆ ಆ ಪ್ರಯೋಗ ನಿಲ್ಲಿಸಿದೆ. ಅದೇ ಗೆಳೆಯರಲ್ಲೊಬ್ಬ ಧ್ವನಿ ತಯಾರಿಸುವ ಪ್ರೋಗ್ರಾಂ ಒಂದನ್ನು ಫ್ಲಾಪಿಗಳಲ್ಲಿ ತಂದುಕೊಟ್ಟಿದ್ದ. ಅದಕ್ಕೆ ತಂತಿಯೂ ಬೇಡ, ತಿದಿಯೂ ಬೇಡ. ಇಂಥ ಸ್ವರ, ಇಷ್ಟು ಹೊತ್ತು, ಇಷ್ಟು ಜೋರು ಎಂದು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದನ್ನು ಓದಿ, ಲೆಕ್ಕ ಹಾಕಿ, ಧ್ವನಿಯದೇ ಇನ್ನೊಂದು ಫೈಲು ಮಾಡಿಡುತ್ತದೆ. ಆ ಫೈಲನ್ನು ನುಡಿಸಲು ಬೇರೆಯೇ ಪ್ರೋಗ್ರಾಂ. ತಾಲ್ಲೂಕು ಕಚೇರಿ ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ. ಬರೆಯುವವರು ಒಬ್ಬರು, ಓದುವವರು ಒಬ್ಬರು, ಹೊರಗೆ ಬಂದು ಕೂಗುವವರು ಇನ್ನೊಬ್ಬರು.

ಮೊದಲ ಸಲ ಎಲ್ಲವನ್ನೂ ಕೈಯಾರೆ ಮಾಡಿದೆ. ಯಂತ್ರ ಸರಿಯಾಗಿ ಹಾಡುತ್ತದೆಯೇ ಎಂದು ನೋಡಲು ಗೊತ್ತಿರುವ ಸ್ವರವೇ ಇರಲಿ ಎಂದು ಬಿಳಿ ಐದರ ಸಂಖ್ಯೆ ಕೊಟ್ಟೆ. ಅನ್ನ ಬೆಂದು ಬಸಿಯುವಷ್ಟು ಹೊತ್ತು ಕಂಪ್ಯೂಟರ್ ಗುಂಯ್ಗುಟ್ಟಿ, ಕೊನೆಗೆ ಸ್ವಲ್ಪವೇ ಹೊತ್ತಿನ ಶ್ರುತಿಯೊಂದನ್ನು ಹೆತ್ತಿತು. ನೀಲಮ್ಮನವರು ಹಾರ್ಮೋನಿಯಂ ತರಿಸಿ ತಾಳೆ ನೋಡಿ, "ಬಿಳಿ ಐದ ಐತಿ ಬಿಡ್ರಿ ಮೇಷ್ಟ್ರ. ಆದ್ರ ಮೂಗಿನಾಗ ಹಾಡ್ತೈತಿ, ನೆಗಡಿ ಆದಂಗ," ಎಂದು ಸರ್ಟಿಫಿಕೇಟು ಕೊಟ್ಟರು.

ಪ್ರತಿ ಸಲವೂ ಇಷ್ಟು ಕಾಯುವುದು ಯಾರು? ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಸಂಖ್ಯೆ ಕೇಳುವುದು, ಅದನ್ನು ಫೈಲಿನಲ್ಲಿ ಬರೆಯುವುದು, ಧ್ವನಿ ಮಾಡುವ ಪ್ರೋಗ್ರಾಮನ್ನು ಕರೆಯುವುದು, ಬಂದದ್ದನ್ನು ಮತ್ತೆ ಮತ್ತೆ ನುಡಿಸುವುದು, ಎಲ್ಲವೂ ಅದರದೇ ಜವಾಬ್ದಾರಿ. ಪರದೆಯ ಮೇಲೆ ಅನಾವಶ್ಯಕ ಮಾತು ಬೀಳದಂತೆ ಉಳಿದ ಪ್ರೋಗ್ರಾಂಗಳ ಬಾಯಿಯನ್ನೂ ಕಟ್ಟಿದೆ. ಫಲ ನೋಡಿ ನನಗೇ ಬೆರಗು. ಅನ್ನ ಬೇಯುವಷ್ಟು ಹೊತ್ತು ಹಿಡಿಯುತ್ತಿದ್ದ ಕೆಲಸ ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಮುಗಿಯುತ್ತಿತ್ತು! ಇದು ಸಿ ಭಾಷೆಯ ಮಹಿಮೆ ಎಂದು ಸ್ಟಾಫ್ ರೂಮಿನಲ್ಲಿ ಸಣ್ಣ ಭಾಷಣವನ್ನೂ ಮಾಡಿದೆ.

ಸಂಜೆ ಅವಳು ಚಾಪೆ ಹಾಸಿ ಕೂತರೆ ನಾನು ಕಂಪ್ಯೂಟರಿನ ಮುಂದೆ. ಅಭ್ಯಾಸ ಮುಗಿಯುವ ತನಕ ಬಳಗದವರು ಯಾರೂ ಬರಕೂಡದೆಂದು ಅವಳ ಕಟ್ಟಪ್ಪಣೆ. "ಇನ್ನೊಂಚೂರು ಇಳಿಸ್ರಿ" ಎನ್ನುತ್ತಾಳೆ, ನಾನು ಸಂಖ್ಯೆ ಇಳಿಸುತ್ತೇನೆ. "ಹ್ಞಾಂ, ಈಗ ವಾಸಿ. ಇನ್ನೊಂಚೂರು." ಮತ್ತೆ ಇಳಿಸುತ್ತೇನೆ. ಹೀಗೆ ಎಷ್ಟು ಸಂಜೆಗಳು ಹೋದವೋ. ಎಲ್ಲ ಸಂಜೆಗಳೂ ಈಗ ಕರಗಿ ಒಂದೇ ಸಂಜೆಯಾಗಿವೆ. ಕಿಟಕಿಯ ಹೊರಗೆ ಮಳೆಯಿತ್ತೆಂದು ನಾನು ಎಲ್ಲೋ ಬರೆದದ್ದುಂಟು. ಬಟ್ಟೆ ಒಣಗಿತ್ತೆಂದು ಅವಳು ತಿದ್ದಿದಳು. ಇಬ್ಬರಿಗೂ ನೆನಪಿರುವುದು ಒಂದು ಗಳಿಗೆ: ಅವಳು ಕಣ್ಣು ಮುಚ್ಚಿ ಮೇಲಿನ ಷಡ್ಜದವರೆಗೆ ಹೋಗಿ, ಅಲ್ಲಿ ನಿಂತು, ಇಳಿದು ಬಂದು, "ಇದೇ ರೀ. ಇದು ನಂದು. ಇದನ್ನ ಮುಟ್ಟಬೇಡಿ," ಎಂದದ್ದು. ನಾನು ಅವಳ ಮುಖ ನೋಡುವುದನ್ನು ಬಿಟ್ಟು ಪರದೆಯ ಮೇಲಿನ ಸಂಖ್ಯೆ ನೋಡುತ್ತಿದ್ದೆ. ಬಿಳಿ ಐದಕ್ಕೂ ಕರಿ ಮೂರಕ್ಕೂ ಹೆಚ್ಚುಕಡಿಮೆ ಮಧ್ಯದಲ್ಲಿತ್ತು.

ಸೊರಬಕ್ಕೆ ಹೊರಡುವ ಹಿಂದಿನ ದಿನ ಅದನ್ನು ಕ್ಯಾಸೆಟ್ಟಿಗೆ ಹಾಕಲು ಕೂತೆ. ಮತ್ತೆ ಮತ್ತೆ ನುಡಿಸುವಾಗ ಜೋಡಣೆಯಲ್ಲಿ ಟಕ್ ಎನ್ನುತ್ತಿತ್ತು. ಆದ್ದರಿಂದ ಒಂದೇ ಉದ್ದನೆಯ ಶ್ರುತಿ ಬೇಕೆಂದು ಆಜ್ಞೆ ಕೊಟ್ಟೆ. ಸಾಸಿವೆ ಸಿಡಿಯುವಷ್ಟರಲ್ಲಿ ಆಯಿತು. ನುಡಿಸಿದರೆ ಮೊದಲಿನಷ್ಟೇ ಗಿಡ್ಡ. ಇನ್ನೂ ಉದ್ದ ಕೇಳಿದೆ, ಅದೇ ಗಿಡ್ಡ. ಕಟ್ಟಿದ್ದ ಬಾಯಿ ಬಿಚ್ಚಿದೆ. ಧ್ವನಿ ಮಾಡುವ ಪ್ರೋಗ್ರಾಂ ಇಷ್ಟು ದಿನವೂ ಹೇಳುತ್ತಿದ್ದ ಮಾತು ಪರದೆಯ ಮೇಲೆ ಬಿತ್ತು: ನೀವು ಕೊಟ್ಟ ಹಾಳೆ ಖಾಲಿ ಇದೆ.

ಆಗಿದ್ದು ಇಷ್ಟೇ. ಸಿ ಪ್ರೋಗ್ರಾಂ ಬರೆದದ್ದು ಫೈಲಿಗೆ ಖಚಿತವಾಗಿ ಇಳಿಯುವುದು ಆ ಫೈಲನ್ನು ಮುಚ್ಚಿದಾಗ. ಅಲ್ಲಿಯವರೆಗೆ ಅದು ಪ್ರೋಗ್ರಾಮಿನ ಕಿಸೆಯಲ್ಲೇ ಇರಬಹುದು. ನಾನು ಮುಚ್ಚುವ ಮೊದಲೇ ಓದುವವನನ್ನು ಕರೆಯುತ್ತಿದ್ದೆ. ಅವನು ಬಂದು ಖಾಲಿ ಹಾಳೆ ನೋಡಿ, ಏನೂ ಮಾಡದೆ ಹೋಗುತ್ತಿದ್ದ. ಕೂಗುವವನು ಪಾಪ, ಮೇಜಿನ ಮೇಲಿದ್ದ ಹಳೆಯದನ್ನೇ ಎತ್ತಿಕೊಂಡು ಕೂಗುತ್ತಿದ್ದ. ಆ ಹಳೆಯದು ನಾನು ಕೈಯಾರೆ ಮಾಡಿದ ಮೊದಲನೆಯದು. ಬಿಳಿ ಐದು. ಸಂಖ್ಯೆಗಳು ದಿನವೂ ಇಳಿದವು, ಶ್ರುತಿ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಮಂಗಳಾ ತನ್ನ ಹಳೆಯ ಶ್ರುತಿಯಲ್ಲೇ, ಇಳಿಯುತ್ತಿದ್ದೇನೆ ಎಂದುಕೊಂಡು, ಹತ್ತಿಬಿಟ್ಟಿದ್ದಳು.

ಮುಚ್ಚುವ ಸಾಲೊಂದನ್ನು ಸೇರಿಸಿದೆ. ಈ ಸಲ ಅನ್ನ ಬೇಯುವಷ್ಟು ಹೊತ್ತು ಹಿಡಿದು, ಅವಳು ಒಪ್ಪಿದ ಸಂಖ್ಯೆಯ ನಿಜವಾದ ಶ್ರುತಿ ಬಂತು. ಈಗ ನನ್ನ ಬಳಿ ಎರಡಿದ್ದವು. ಒಂದು ಅವಳು ಕೇಳಿದ್ದು, ಇನ್ನೊಂದು ಅವಳಿಗೆ ಕೇಳಿಸಿದ್ದು. ಹೇಳಿದರೆ ನಾಳೆ ಬಿಳಿ ಐದು ಎಂಬ ಹೆಸರಿಗೇ ಗಂಟಲು ಕಟ್ಟಬಹುದು. ಕ್ಯಾಸೆಟ್ಟಿಗೆ ಹಳೆಯದನ್ನೇ ಹಾಕಿದೆ. ದಾರಿಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಬಸ್ಸಿನಲ್ಲಿ ಬಳಗದ ಹೆಂಗಸರೆಲ್ಲ ಮುಂದೆ, ನಾನು ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ. ಶಿರಾಳಕೊಪ್ಪ ದಾಟಿತು, ನನ್ನ ಬಾಯಿ ತೆರೆಯಲಿಲ್ಲ.

ಸೊರಬದಲ್ಲಿ ಮಂಗಳಾ ವೇದಿಕೆಯ ಮೇಲೆ ಕೂತಳು, ನಾನು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ, ಕರೆಂಟು ಹೋಯಿತು. ಸೆಲ್ಲು ತಂದಿರಲಿಲ್ಲ. ಆ ಊರಿನ ಬಳಗದ ಅಜ್ಜಿಯೊಬ್ಬರು ತಮ್ಮ ಹಾರ್ಮೋನಿಯಂ ಮುಂದೆಳೆದುಕೊಂಡು, "ಕರೆಂಟಿಗೆ ಎಂತಕೆ ಕಾಯೋದು? ಯಾವ ಶ್ರುತಿ ಹಿಡೀಲೆ ತಂಗಿ?" ಎಂದರು.

"ನಂದು ಇದ್ರಲ್ಲಿ ಸಿಗಲ್ಲ ಅಜ್ಜಿ," ಎಂದು ಮಂಗಳಾ ನನ್ನ ಕಡೆ ತಿರುಗಿದಳು. "ಏನ್ರೀ, ಹತ್ರದ್ದು ಯಾವ್ದು?"

ಜಡೆಯ ತವರಿನವರ ಸಮೇತ ಎಲ್ಲರೂ ನನ್ನನ್ನೇ ನೋಡಿದರು.

"ಬಿಳಿ ಐದು," ಎಂದೆ.

"ಹತ್ರದ್ದಾ?"

"ಹತ್ರದ್ದಲ್ಲ. ಅದೇ. ಮೊದಲಿಂದ ಅದೇ ಇತ್ತು."

ಅವಳು ನನ್ನನ್ನು ನೋಡಿದ ರೀತಿಗೆ ಭೌತಶಾಸ್ತ್ರದಲ್ಲಿ ಹೆಸರಿಲ್ಲ. ಎದ್ದು ಹೋಗುತ್ತಾಳೆ ಎಂದುಕೊಂಡೆ. ನೀಲಮ್ಮನವರು ಅವಳ ಮಂಡಿಯ ಮೇಲೆ ಕೈಯಿಟ್ಟರು. ಅಜ್ಜಿ ತಿದಿ ಒತ್ತಿದರು. ಮಂಗಳಾ ಸ್ವಲ್ಪ ಹೊತ್ತು ಬರೀ ಆ ಸ್ವರವನ್ನು ಕೇಳುತ್ತ ಕೂತು, ಆಮೇಲೆ ಶುರು ಮಾಡಿದಳು. ಮೇಲಿನ ಷಡ್ಜದ ಹತ್ತಿರ ಒಂದು ಕಡೆ ದನಿ ಒರಟಾಯಿತು, ಹೊಲಿಗೆ ಹಾಕಿದ ಜಾಗ ಬೆರಳಿಗೆ ಸಿಕ್ಕುವಂತೆ. ನನಗೂ ಅದು ಕೇಳಿಸಿತು. ಅದನ್ನು ದಾಟಿಕೊಂಡು ಹೋಗಿ ಅವಳು ಮೇಲೆ ನಿಂತಳು. ಈ ಸಲ ನಾನು ಯಾರ ಮುಖವನ್ನೂ ನೋಡದೆ ತಲೆದೂಗಿದೆ.

ವಾಪಸು ಬರುವಾಗ ನನಗೆ ಇಡೀ ಬಸ್ಸಿನ ಎದುರು ಮಂಗಳಾರತಿ. "ನನ್ನ ಗಂಟ್ಲೇ ಹೋಯ್ತು ಅಂತ ನಾನು ಅಡಿಗೆ ಮನೇಲಿ ಕೂತು ಅಳ್ತಿದ್ದೆ. ಇವರು ಇಳಿಸಿದೆ, ಇಳಿಸಿದೆ ಅಂತಿದ್ರು!" ಫೈಲು ಮುಚ್ಚಿರಲಿಲ್ಲ ಎಂದು ನಾನು ವಿವರಿಸಹೊರಟೆ. ನೀಲಮ್ಮನವರು, "ಬಿಡವ್ವ, ಇವರು ಉಪ್ಪಿನಕಾಯಿ ಭರಣಿನ ಮುಚ್ಚಂಗಿಲ್ಲ, ಇನ್ನ ಫೈಲ್ ಮುಚ್ತಾರೇನ?" ಎಂದು ವಿಚಾರಣೆ ಮುಗಿಸಿದರು.

ಈಗ ಮಂಗಳಾ ಈ ಸಂಗತಿ ಹೇಳುವ ರೀತಿಯೇ ಬೇರೆ. "ನನ್ನ ಹೆದ್ರಿಕೆ ಬಿಡ್ಸೋಕೆ ನಮ್ಮನೆಯವರು ಬೇಕಂತ್ಲೇ ಹಂಗೆ ಮಾಡಿದ್ರು. ಇಳಿಸ್ತೀನಿ ಅಂತ ಹೇಳಿ ಇಳಿಸ್ಲೇ ಇಲ್ಲ ನೋಡಿ," ಎನ್ನುತ್ತಾಳೆ. ಕೇಳಿದವರು ನನ್ನ ಕಡೆ ಗೌರವದಿಂದ ನೋಡುತ್ತಾರೆ. ಮೊದಮೊದಲು ನಾನು ಎದ್ದು ನಿಂತು, ಅದು ಉಪಾಯವಲ್ಲ, ಶುದ್ಧ ಪೆದ್ದುತನ ಎಂದು ತಿದ್ದುತ್ತಿದ್ದೆ. ನನ್ನ ವಿನಯ ಕಂಡು ಗೌರವ ಇನ್ನೂ ಹೆಚ್ಚಿತು. ಅವಳ ಕಥೆ ಪೂರ್ತಿ ಸುಳ್ಳೆನ್ನಲೂ ಆಗುವುದಿಲ್ಲ. ಕ್ಯಾಸೆಟ್ಟಿಗೆ ಹಳೆಯದನ್ನು ಹಾಕಿದ ಆ ಕೊನೆಯ ದಿನದ ಮಟ್ಟಿಗೆ ಅದು ನಿಜವೇ. ಒಂದು ದಿನದ ಜಾಣತನ ಹಿಂದಿನ ಅಷ್ಟೂ ದಿನಗಳಿಗೆ ತಾನಾಗಿಯೇ ಹರಡಿಕೊಂಡಿತು, ಅಷ್ಟೆ. ಮೊನ್ನೆ ಜಡೆಯಲ್ಲಿ ಊಟಕ್ಕೆ ಕೂತಾಗ ಅವಳ ತಮ್ಮನ ಹೆಂಡತಿ, "ಹೌದಾ ಅಣ್ಣಾ, ನಿಮಗೆ ಮೊದ್ಲಿಂದ ಗೊತ್ತಿತ್ತಾ?" ಎಂದು ಕೇಳಿದಳು. "ಗೊತ್ತಿಲ್ಲದೆ ಏನಮ್ಮ," ಎಂದುಬಿಟ್ಟೆ. ದನಿ ಎಲ್ಲಿಯೂ ನಡುಗಲಿಲ್ಲ. ಎದುರಿಗೆ ಕೂತಿದ್ದ ಮಂಗಳಾ ತಲೆದೂಗಿದಳು.