ಗೆಜ್ಜೆ ಕಟ್ಟಿದ ಸೈನಿಕರ ಬೆನ್ನು ಹತ್ತಿ

ನಿವೃತ್ತ ಸೈನಿಕರ ಮನೆಗೆ ಹೋಗಿ ಪದಕದ ಕಡೆ ನೋಡದೆ ಗೆಜ್ಜೆ ಕೇಳುವವನಿಗೆ ಇಂಥದ್ದೆಲ್ಲ ಆಗದೆ ಇನ್ನೇನಾಗುತ್ತದೆ?

ನಾನು ಬೆಳ್ತಂಗಡಿಯ ವಿಮೆ ಏಜೆಂಟ್. ಯುದ್ಧದ ಕಾಲದಲ್ಲಿ ಕ್ಯಾಂಪುಗಳಲ್ಲಿ ಸೈನಿಕರೇ ಸೇರಿ ಹಾಡು, ಕುಣಿತದ ಆಟ ಆಡುತ್ತಿದ್ದರು. ಲಾರಿಯ ಹಿಂಬದಿಯೇ ರಂಗಸ್ಥಳ, ಕಂಬಳಿಯೇ ಪರದೆ. ಆ ಆಟಗಳ ವಾದ್ಯ, ವೇಷದ ಸಾಮಾನು, ಫೋಟೋ ಕೂಡಿಹಾಕುವುದು ನನ್ನ ಹುಚ್ಚು. ಅದನ್ನು ಹತ್ತಿಸಿದವರು ಲಾಯಿಲದ ಒಬ್ಬ ಹಳೆಯ ಸುಬೇದಾರರು. ಪಾಲಿಸಿ ಮಾಡಿಸಿ ಎಂದು ಹೋದವನಿಗೆ ಅವರು ಪಾಲಿಸಿಯ ಬದಲು ಕ್ಯಾಂಪಿನ ಆಟದ ಒಂದು ಜೊತೆ ತಾಳ ಕೊಟ್ಟು ಕಳುಹಿಸಿದರು.

ಅಂದಿನಿಂದ ಊರವರಿಗೆ ಗೊಂದಲ. ನಾನು ಗೇಟು ತೆರೆದರೆ ಒಳಗಿಂದ ಕೇಳುತ್ತಾರೆ, "ಪಾಲಿಸಿಗೋ, ಗುಜರಿಗೋ?" ಪಾಲಿಸಿಗೆ ಎಂದರೆ ಯಜಮಾನರು ಮನೆಯಲ್ಲಿಲ್ಲ. ಗುಜರಿಗೆ ಎಂದರೆ ಇದ್ದಾರೆ.

ಯುದ್ಧದ ಆಯ್ಕೆ

ಗುರುವಾಯನಕೆರೆಯ ಗುಜರಿ ಅಂಗಡಿಯವರು ಒಂದು ದಿನ ಫೋನ್ ಮಾಡಿದರು. "ಬೇಗ ಬನ್ನಿ ಮಾರಾಯ್ರೆ, ಮಿಲಿಟ್ರಿ ಪೀಪಿ ಒಂದು ಬಂದಿದೆ."

ಸ್ಕೂಟರ್ ಹತ್ತಿ ಓಡಿದೆ. ಹಿತ್ತಾಳೆಯ ಪೀಪಿ, ಬಾಯಿ ಸೊಟ್ಟ, ಮೈತುಂಬ ಕಿಲುಬು. ನೋಡಿದರೆ ಹಳೆಯದೇ.

"ಇದು ಯುದ್ಧಕ್ಕೆ ಹೋಗಿ ಬಂದದ್ದಾ?" ಕೇಳಿದೆ.

"ಹೋಗದೆ ಇಷ್ಟು ಸೊಟ್ಟ ಆಗ್ತದಾ?"

ಮಾತು ಸರಿಯೇ ಅನ್ನಿಸಿತು. ಗಂಟಲು ಸರಿಮಾಡಿಕೊಂಡು, ತಿಳಿದವನಂತೆ ಕೇಳಿದೆ, "ಯಾವ ಯುದ್ಧದ್ದು?"

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಹೋಟೆಲಿನಲ್ಲಿ ಕಾಫಿಯೋ ಚಹಾವೋ ಎಂದು ವಿಚಾರಿಸುವಷ್ಟೇ ವಿನಯದಿಂದ ಕೇಳಿದರು:

"ನಿಮಗೆ ಯಾವ ಯುದ್ಧದ್ದು ಬೇಕು?"

ಗುಂಡಿನ ತೂತು

ಬಂಟ್ವಾಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬ್ಯಾರಿ ಸಾಹುಕಾರರೊಬ್ಬರಲ್ಲಿ ಅಜ್ಜನ ಕಾಲದ ಹಾರ್ಮೋನಿಯಂ ಉಂಟು. ಅಜ್ಜ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದವರು; ಕ್ಯಾಂಪಿನ ಆಟಕ್ಕೆಲ್ಲ ಅವರದೇ ಹಾರ್ಮೋನಿಯಂ. ಅದರ ಪಕ್ಕದಲ್ಲೊಂದು ತೂತು. ಶತ್ರುವಿನ ಗುಂಡು ತಾಗಿದರೂ ಅಜ್ಜ ಹಾಡು ನಿಲ್ಲಿಸಲಿಲ್ಲ ಎಂಬುದು ಇಡೀ ಪೇಟೆಗೆ ಗೊತ್ತಿರುವ ಕಥೆ. ಸ್ವಾತಂತ್ರ್ಯ ದಿನದಂದು ಸಾಹುಕಾರರು ಅದನ್ನು ಶಾಲೆಗೆ ಒಯ್ದು ಭಾಷಣ ಮಾಡುತ್ತಾರೆ.

ನಾನು ತೂತಿಗೆ ಟಾರ್ಚ್ ಹಿಡಿದು ನೋಡಿದೆ. ಅಂಚು ಸುಟ್ಟು ಕಪ್ಪಾಗಿತ್ತು, ಆದರೆ ಕಿರುಬೆರಳು ಕೂಡ ಹೋಗದಷ್ಟು ಸಣ್ಣದು. "ಇದು ಯಾವ ಜಾತಿಯ ಗುಂಡು ಸಾಹುಕಾರ್ರೆ?" ಎಂದೆ.

ಅವರು ಕೆಲಸದವರನ್ನು ಚಹಾ ತರಲು ಕಳುಹಿಸಿ, ಬಾಗಿಲು ಅರ್ಧ ಮುಚ್ಚಿದರು.

"ಸಣ್ಣವನಿದ್ದಾಗ ನಾನೇ ತಂತಿ ಕಾಸಿ ಕೊರೆದದ್ದು. ಒಳಗೆ ಕೂತು ಹಾಡುವವರು ಯಾರು ಅಂತ ನೋಡ್ಲಿಕ್ಕೆ."

"ಮತ್ತೆ ಗುಂಡು ಅಂತ ಹೇಳಿದ್ದು?"

"ಅಜ್ಜನೇ. ನನಗೆ ಪೆಟ್ಟು ಬೀಳಬಾರದು ಅಂತ ಅಪ್ಪನ ಹತ್ತಿರ ಹೇಳಿದ್ದು. ಅಪ್ಪ ಊರಿಗೆಲ್ಲ ಹೇಳಿದರು. ಈಗ ನಾನು ಸತ್ಯ ಹೇಳಿದರೆ ಪಾಪ, ಅಜ್ಜ ಸುಳ್ಳುಗಾರ ಆಗ್ತಾರೆ."

"ಹಾಗಾದರೆ ಎಂತ ಮಾಡ್ತೀರಿ?"

"ಎಂತ ಮಾಡೂದು? ಬರುವ ಆಗಸ್ಟಿಗೂ ಗುಂಡೇ!"

ವೀರ ವನಿತೆಯ ಜಡೆ

ಮೂಡುಬಿದಿರೆಯಲ್ಲಿ ಒಮ್ಮೆ ನನ್ನ ಸಂಗ್ರಹದ ಪ್ರದರ್ಶನ ಇಟ್ಟರು. ಪ್ರತಿಯೊಂದು ಸಾಮಾನಿನ ಪಕ್ಕದಲ್ಲೂ ಅದೇನೆಂದು ಚೀಟಿ ಬರೆದಿಟ್ಟಿದ್ದೆ. ಆದರೆ ಮುಖ್ಯ ಅತಿಥಿಗಳು ಚೀಟಿ ಓದುವವರಲ್ಲ, ಸ್ವಂತ ಸ್ಫೂರ್ತಿಯಿಂದ ಮಾತಾಡುವವರು.

ಮೇಜಿನ ಮೇಲಿದ್ದ ಉದ್ದನೆಯ ಕಪ್ಪು ಜಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವರು ಮೈಕಿನ ಮುಂದೆ ನಿಂತರು. "ಬಂಧುಗಳೇ, ಗಂಡ ರಣರಂಗಕ್ಕೆ ಹೊರಟಾಗ ತನ್ನ ಮುಡಿಯನ್ನೇ ಕತ್ತರಿಸಿ ಕೊಟ್ಟ ವೀರ ವನಿತೆ! ಇಂಥ ತಾಯಿ ಇಂದು ಎಲ್ಲಿದ್ದಾಳೆ?"

ಜಡೆಯನ್ನು ಕಣ್ಣಿಗೆ ಒತ್ತಿಕೊಂಡರು. ಹೆಂಗಸರ ಸಾಲಿನಲ್ಲಿ ಮೂಗು ಸೊರಸೊರ ಎಳೆಯುವ ಶಬ್ದ ಕೇಳಿಸಿತು. ನಾನು ವೇದಿಕೆಯ ಮೂಲೆಯಲ್ಲಿ ಕುರ್ಚಿಯ ಕೈ ಹಿಡಿದು ಕೂತಿದ್ದೆ. ಅದು ಹೆಣ್ಣುವೇಷಕ್ಕೆ ಮಾಡಿಕೊಂಡ ಜಡೆ ಎಂದು ಈಗ ಎದ್ದು ಹೇಳುವುದು ಹೇಗೆ?

ಜಡೆ ಕೊಟ್ಟ ವೃದ್ಧ ಸೈನಿಕರು ಮುಂದಿನ ಸಾಲಿನಲ್ಲೇ ಇದ್ದರು. ದೊಡ್ಡವರು ಪ್ರಶ್ನೆ ಕೇಳಿದ್ದಾರೆ, ಉತ್ತರ ಕೊಡದಿದ್ದರೆ ಮರ್ಯಾದೆ ಅಲ್ಲ ಎಂದು ಅವರು ಎದ್ದು ನೆಟ್ಟಗೆ ನಿಂತರು.

"ಅದು ಆಗಲೇ ಸತ್ತುಹೋಯಿತು ಸ್ವಾಮಿ. ನಮ್ಮ ರೇಷನ್ ಹೊರುತ್ತಿದ್ದ ಹೇಸರಗತ್ತೆ. ಬಾಲ ಮಾತ್ರ ಬಹಳ ಚಂದ ಇತ್ತು."

ಒಂದು ನಿಮಿಷದ ಮೌನ ಕಾರ್ಯಕ್ರಮದಲ್ಲಿ ಇರಲಿಲ್ಲ. ತಾನಾಗಿಯೇ ನಡೆಯಿತು.

ಟ್ರಂಕಿನ ಸುಂದರಿ

ಶಿರ್ತಾಡಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಎಪ್ಪತ್ತೊಂದರ ಯುದ್ಧದ ಸಮಯದಲ್ಲಿ ಅವರ ಪಲ್ಟನ್ನಿನ ಆಟದಲ್ಲಿ ನಾಯಕಿ ಅವರೇ ಎಂದು ಅವರ ಜೊತೆಗಾರರೊಬ್ಬರು ನನಗೆ ಹೇಳಿದ್ದರು. ಹೋದೆ. ಜಗಲಿಯಲ್ಲಿ ಹವಾಲ್ದಾರರು, ಪಕ್ಕದಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದ ಅವರ ಹೆಂಡತಿ.

"ಆ ಆಟದಲ್ಲಿ ನಿಮ್ಮ ಪಾತ್ರ..." ಎಂದು ಬಾಯಿ ತೆರೆದೆನೋ ಇಲ್ಲವೋ, ಹವಾಲ್ದಾರರಿಗೆ ಭಯಂಕರ ಕೆಮ್ಮು. ಹೆಂಡತಿಯ ಕಡೆ ಕಣ್ಣಿನಲ್ಲೇ ತೋರಿಸಿ, ಟ್ಯಾಂಕಿನ ಕಥೆ ಶುರು ಮಾಡಿಬಿಟ್ಟರು.

ಮನೆಯ ಅಮ್ಮ ಕತ್ತಿ ಕೆಳಗಿಟ್ಟರು. "ಟ್ಯಾಂಕು ಇರಲಿ. ಟ್ರಂಕಿನಲ್ಲಿ ಇರುವವಳ ಕಥೆ ಹೇಳಿ. ಹೊರಗಿನವರ ಎದುರಾದರೂ ಸತ್ಯ ಹೇಳ್ತೀರೋ ನೋಡುವ."

ಒಳಗೆ ಹೋಗಿ ಒಂದು ಫೋಟೋ ತಂದು ನನ್ನ ಕೈಗಿಟ್ಟರು. ತಲೆತುಂಬ ಹೂ, ಕಣ್ಣಿಗೆ ಕಾಡಿಗೆ, ಗಲ್ಲಕ್ಕೆ ಬೆರಳು. ಸುಂದರಿಯೇ.

"ಮದುವೆಯಾದ ವರ್ಷವೇ ಸಿಕ್ಕಿದ್ದು. ಯಾರು ಅಂತ ಕೇಳಿದರೆ ಕ್ಯಾಪ್ಟನ್ ಸಾಹೇಬರ ಹೆಂಡತಿ ಅಂದರು. ಕ್ಯಾಪ್ಟನ್ನರ ಹೆಂಡತಿಗೆ ಇವರ ಟ್ರಂಕಿನಲ್ಲಿ ಎಂತ ಕೆಲಸ? ಇವರು ರಜೆ ಮುಗಿಸಿ ಹೋದಾಗಲೆಲ್ಲ, ಅವಳ ಹತ್ತಿರ ಹೋದರು ಅಂತಲೇ ಅತ್ತಿದ್ದೇನೆ."

ಹವಾಲ್ದಾರರು ನೆಲ ನೋಡುತ್ತಿದ್ದರು. ಸುಂದರಿಯ ಗಲ್ಲದಲ್ಲೊಂದು ಗುಳಿ. ಅಂಥದ್ದೇ ಗುಳಿ ನನ್ನ ಎದುರಿಗೂ ಕೂತಿತ್ತು.

"ಅಮ್ಮ, ಗಲ್ಲ ನೋಡಿ," ಎಂದೆ.

ಅವರು ಫೋಟೋ ನೋಡಿದರು. ಗಂಡನನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ಫೋಟೋ ನೋಡಿದರು.

ಹವಾಲ್ದಾರರ ಸ್ವರ ತೆಳ್ಳಗಾಗಿತ್ತು. "ಹೆಣ್ಣುವೇಷ ಹಾಕಿದವ ಅಂತ ಗೊತ್ತಾದರೆ ನೀನು ನಗಾಡ್ತಿ ಅಂತ ಹೆದರಿದೆ, ಮಾರಾಯ್ತಿ."

"ಹಾಗಾಗಿ ನಾನು ಅತ್ತರೆ ಅಡ್ಡಿಯಿಲ್ಲ ಅಂತ ಕಂಡಿತಾ?"

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಒಂದು ಸಂಸಾರ ಹಾಳು ಮಾಡಿದೆನಲ್ಲ ಎಂದು ನಾನು ಮೆಲ್ಲ ಚೀಲ ಎತ್ತಿಕೊಂಡೆ. ಸೆರಗು ಸರಿಸಿದಾಗ ನೋಡಿದರೆ, ನಗು ತಡೆಯಲಾಗದೆ ಅವರ ಕಣ್ಣಲ್ಲಿ ನೀರು.

"ಏಳಿ," ಎಂದರು ಗಂಡನಿಗೆ. "ಅವಳು ಹೇಗೆ ನಡೀತಿದ್ದಳು ಅಂತ ಒಮ್ಮೆ ನೋಡುವ."

ಹವಾಲ್ದಾರರು ಎದ್ದರು. ಮೈ ಒರೆಸುವ ಬೈರಾಸನ್ನು ಸೆರಗಿನ ಹಾಗೆ ಹೆಗಲಿಗೆ ಹಾಕಿ, ಸೊಂಟಕ್ಕೆ ಕೈಯಿಟ್ಟು, ಜಗಲಿಯ ಈ ತುದಿಯಿಂದ ಆ ತುದಿಗೆ ಬಳುಕಿದರು.

"ಅಯ್ಯೋ, ಇವಳಿಗಾಗಿಯಾ ನಾನು ಅತ್ತದ್ದು!" ಎಂದರು ಅಮ್ಮ.

ಕಲಾವಿದನಿಗೆ ಅವಮಾನವಾಯಿತು. "ಈಗ ಮೊಣಗಂಟು ನೋವು. ಆಗ ನಾನು ಹೀಗೆ ತಿರುಗಿದರೆ ಇಡೀ ಪಲ್ಟನ್ನೇ ಸೀಟಿ ಹೊಡೀತಿತ್ತು, ಗೊತ್ತುಂಟಾ?"

ಅಮ್ಮ ಮತ್ತೆ ತೊಂಡೆಕಾಯಿ ಕೈಗೆತ್ತಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. "ಆ ಪಲ್ಟನ್ನಿನವರು ಹೆಂಗಸರ ಮುಖ ನೋಡದೆ ಎಷ್ಟು ತಿಂಗಳಾಗಿತ್ತು ಅಂತ ಇವರ ಹತ್ತಿರ ಕೇಳಿ!"