ಮೂಲೆಯಲ್ಲೂ ಮಸುಕಾಗದ ಲೆನ್ಸು

ಕಳಪೆ ಮಾಲು ಕೊಂಡು ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಉತ್ತಮ ಮಾಲು ಕೊಂಡು ಕೆಟ್ಟವನನ್ನು ನೋಡಬೇಕಾದರೆ ನಮ್ಮ ಮನೆಗೆ ಬನ್ನಿ. ಹಿಂಬಾಗಿಲಿನಿಂದ ಬನ್ನಿ. ಮುಂಬಾಗಿಲಲ್ಲಿ ನಮ್ಮತ್ತೆ ಲೆಯೋಕಾದ್ಯಾ ಕೂತಿರುತ್ತಾರೆ, ನನ್ನನ್ನು ಕೇಳಿಕೊಂಡು ಬಂದವರನ್ನು ಈಚೆಗೆ ಅವರು ಒಳಗೆ ಬಿಡುತ್ತಿಲ್ಲ.

ನಾನು ಝೆನೋನ್, ಮನೆಯವರಿಗೆ ಝೆನೆಕ್. ಬಿಯೆಬ್ಝಾ ನದಿಯ ಜೌಗುನಾಡಿನ ಅಂಚಿನಲ್ಲಿರುವ ನಮ್ಮ ಪುಟ್ಟ ಊರಿನ ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವವನು. ಸ್ವಭಾವತಃ ಸಾಧು. ಕುಡಿತವಿಲ್ಲ, ಜೂಜಿಲ್ಲ. (ಕುಡಿತವಿಲ್ಲ ಎಂದರೆ ಮದುವೆ, ನಾಮಕರಣ, ತಿಥಿಗಳನ್ನು ಬಿಟ್ಟು ಎಂದು ತಿಳಿಯಬೇಕು.) ಇರುವ ಒಂದೇ ಚಟ ಕಾಡುಪ್ರಾಣಿಗಳ ಫೋಟೋ ತೆಗೆಯುವುದು. ನಮ್ಮ ಜೌಗಿನಲ್ಲಿ ಮೂಸ್‌ಗಳಿವೆ. ಕುದುರೆಗಿಂತ ಎತ್ತರದ, ಮೊರದಗಲ ಕೊಂಬಿನ ದೈತ್ಯ ಕಡವೆಗಳು ಅವು. ಆದರೆ ನನ್ನ ಹಳೆಯ ಲೆನ್ಸಿನಲ್ಲಿ ತೆಗೆದರೆ ಅವು ಇರುವೆಯಷ್ಟೇ ಕಾಣುತ್ತಿದ್ದವು. "ಇದೇ ಮೂಸ್" ಎಂದು ಬೆರಳಿಟ್ಟು ತೋರಿಸಿದರೆ ಬೆರಳಿನಡಿ ಮೂಸ್ ಮುಚ್ಚಿಹೋಗುತ್ತಿತ್ತು.

ಆದ್ದರಿಂದ ಆರುನೂರು ಮಿಲಿಮೀಟರಿನವರೆಗೆ ಹಿಗ್ಗುವ ಮಹಾ ಝೂಮ್ ಲೆನ್ಸೊಂದನ್ನು ಮನೆಗೆ ಬರಮಾಡಿಕೊಳ್ಳಬೇಕೆಂಬ ಘನ ಸಂಕಲ್ಪ ಮಾಡಿದೆ. ಚಳಿಗಾಲವೆಲ್ಲ ಅದರದೇ ಅಧ್ಯಯನ. ಎಷ್ಟು ಬೆಳಕು ಒಳಗೆ ಬಿಡುತ್ತದೆ, ಕೈ ನಡುಗಿದರೆ ತಡೆದುಕೊಳ್ಳುತ್ತದೆಯೇ, ಹಾರುವ ಹಕ್ಕಿಯನ್ನು ಎಷ್ಟು ಬೇಗ ಹಿಡಿಯುತ್ತದೆ, ಇವೆಲ್ಲ ಇದ್ದವು. ಆದರೆ ನನ್ನ ನಿದ್ದೆ ಕೆಡಿಸಿದ್ದು ಮೂಲೆಗಳು. ಸಾಧಾರಣ ಝೂಮ್ ಲೆನ್ಸು ಚಿತ್ರದ ನಡುವೆ ಚೂಪಾಗಿ ತೋರಿಸಿ, ಮೂಲೆಗೆ ಬರುವಷ್ಟರಲ್ಲಿ ಮಸುಕಾಗುತ್ತದೆ. ಮೂಲೆಯಲ್ಲೂ ಮಸುಕಾಗದ್ದು ಬೇಕೆಂದರೆ ಬೆಲೆಯೂ ಭಾರ, ಲೆನ್ಸೂ ಭಾರ.

"ಮೂಲೇಲಿ ಅಂಥದ್ದೇನಿರುತ್ತೆ?" ಎಂದು ಕೇಳಿದಳು ನನ್ನ ಹೆಂಡತಿ ಗ್ರಾಝಿನಾ.

"ಏನಿರುತ್ತೆ... ಹುಲ್ಲು, ಎಲೆ, ಹಿಂಗೆ."

"ಹುಲ್ಲು ಮಸುಕಾದ್ರೆ ಯಾರಪ್ಪನ ಗಂಟು ಹೋಗುತ್ತೆ?"

"ನಿಂಗೆ ಗೊತ್ತಾಗಲ್ಲ ಬಿಡು. ಹಿಪೊಲಿತ್ ಮೊದಲು ನೋಡೋದೇ ಮೂಲೇನ."

"ಹಾಗನ್ನು! ಹಿಪೊಲಿತ್ ಮೂಲೆ ನೋಡ್ತಾನೆ ಅಂತ ನಮ್ಮನೆ ಅಡುಗೆಕೋಣೆ ಕಪಾಟು ಇನ್ನೊಂದು ವರ್ಷ ಬಾಗಿಲಿಲ್ದೆ ಇರ್ಬೇಕು."

ಹಿಪೊಲಿತ್ ನಿವೃತ್ತ ಸ್ಟೇಷನ್ ಮಾಸ್ತರ. ಊರಿನಲ್ಲಿ ಕ್ಯಾಮೆರಾ ಹಿಡಿದ ಇನ್ನೊಬ್ಬನೆಂದರೆ ಅವನೇ. ಅವನದು ಝೂಮ್ ಆಗದ, ಒಂದೇ ಅಳತೆಯ ಉದ್ದ ಲೆನ್ಸು. ಝೂಮ್ ಬಳಸುವವರನ್ನು ಅವನು ಟಿಕೆಟ್ಟಿಲ್ಲದೆ ರೈಲು ಹತ್ತಿದವರನ್ನು ನೋಡುವಂತೆ ನೋಡುತ್ತಿದ್ದ.

ಕೊನೆಗೆ ಗ್ರಾಝಿನಾ ಒಂದು ಪಂಥ ಕಟ್ಟಿದಳು. ಕಪಾಟಿನಿಂದ ಉಪ್ಪುನೀರಿನಲ್ಲಿ ಹಾಕಿಟ್ಟ ಸೌತೆಕಾಯಿಯ ದೊಡ್ಡ ಭರಣಿ ಇಳಿಸಿ ನನ್ನ ಕೈಗಿತ್ತಳು.

"ಇಷ್ಟೇ ತೂಕ ಅಲ್ವಾ ನಿನ್ನ ಲೆನ್ಸು? ಕಣ್ಣಿಗೆ ಹಿಡ್ಕೊಂಡು ನಿಂತ್ಕೋ. ನಾನು ಟೀ ಕುಡಿದು ಮುಗಿಸೋವರೆಗೂ ಇಳಿಸ್ಲಿಲ್ಲ ಅಂದ್ರೆ ದೊಡ್ಡದು ತಗೋ. ಇಳಿಸಿದ್ರೆ ಆ ಹಗುರದ್ದು, ಅಗ್ಗದ್ದು, ಮೂಲೆ ಮಸುಕಿಂದು."

ಮದುವೆಯಾದಾಗಿನಿಂದ ಅವಳು ಅಷ್ಟು ನಿಧಾನವಾಗಿ ಟೀ ಕುಡಿದದ್ದನ್ನು ನಾನು ಕಂಡಿಲ್ಲ. ಊದಿದಳು, ಕಲಕಿದಳು, ನಿಂಬೆಹೋಳು ಹುಡುಕಿಕೊಂಡು ಎದ್ದು ಹೋದಳು. ನನ್ನ ಭುಜ ಉರಿಯತೊಡಗಿತು, ಸೌತೆಕಾಯಿಯ ಹುಳಿನೀರು ಅಂಗಿಯ ತೋಳಿನೊಳಗಿಳಿದು ಕಂಕುಳು ಸೇರಿತು. ಅಷ್ಟರಲ್ಲಿ ಅತ್ತೆ ಒಳಗೆ ಬಂದರು.

"ಏನೇ ಆಯ್ತು ಇವನಿಗೆ? ಸೌತೆಕಾಯಿಗೆ ದೃಷ್ಟಿ ಹಾಕ್ತಿದ್ದಾನಾ?"

ನಾನು ನಗಲಿಲ್ಲ, ಇಳಿಸಲೂ ಇಲ್ಲ. ಗೆದ್ದೆ. ಲೆನ್ಸು ಬಂತು, ಬೇಸಿಗೆಯೆಲ್ಲ ಅದರಲ್ಲಿ ಕೊಕ್ಕರೆಗಳ ರೆಪ್ಪೆಗೂದಲು ಎಣಿಸಿದೆ. ಕೊಕ್ಕರೆಗೆ ರೆಪ್ಪೆಗೂದಲು ಇರುತ್ತದೆಯೇ ಎಂದು ನೀವು ಕೇಳಬಹುದು; ನನ್ನ ಲೆನ್ಸಿನಲ್ಲಿ ಇತ್ತು.

ಈಗ ಅತ್ತೆಯ ಜಾಗದ ವಿಷಯ ಹೇಳಬೇಕು.

ನಮ್ಮ ಕಡೆ ಮನೆಯ ಬೀಗದ ಕೈಯನ್ನು ಪಕ್ಕದವರಿಗೆ ಕೊಡುತ್ತಾರೆ, ಹೆತ್ತ ಮಗುವನ್ನು ಬೇಕಾದರೂ ಕೊಟ್ಟು ಹೋಗುತ್ತಾರೆ, ಅಣಬೆ ಸಿಗುವ ಜಾಗವನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಅತ್ತೆಯ ಜಾಗವಂತೂ ಅವರ ಅಜ್ಜಿಯಿಂದ ಬಂದದ್ದು. ಅಲ್ಲಿ ರಾಜ ಅಣಬೆಗಳು, ಕಂದು ಟೋಪಿಯ ದಪ್ಪ ಕಾಲಿನವು, ಗುಂಪುಗುಂಪಾಗಿ ಏಳುತ್ತವೆ. ಅವನ್ನು ದಾರಕ್ಕೆ ಪೋಣಿಸಿ ಒಣಗಿಸಿ, ಕ್ರಿಸ್‌ಮಸ್ ಹಿಂದಿನ ಸಂಜೆ ಅತ್ತೆ ಮಾಡುವ ಸಾರನ್ನು ಪಾದ್ರಿಗಳೂ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಹಿಪೊಲಿತನ ಹೆಂಡತಿ ಯಾದ್ವಿಗಾ ಆ ಜಾಗ ಪತ್ತೆ ಹಚ್ಚಲು ಹರೆಯದಿಂದಲೂ ಅತ್ತೆಯ ಹಿಂದೆ ಬಿದ್ದಿದ್ದಳು. ಅತ್ತೆ ಅವಳನ್ನು ಇಡೀ ದಿನ ಜೌಗಿನಲ್ಲಿ ಸುತ್ತಿಸಿ ಬರಿಗೈಲಿ ಮನೆಗೆ ಕಳಿಸುತ್ತಿದ್ದರು. ತಮ್ಮ ನಂತರ ಜಾಗ ಗ್ರಾಝಿನಾಳಿಗೆ ಸೇರಬೇಕೆಂಬುದು ಅವರ ಒಂದೇ ಆಸೆ. ನನ್ನನ್ನಂತೂ ಕಾಡಿನ ತಿರುವಿನಲ್ಲಿ ಕಾರಿನಲ್ಲೇ ಕೂರಿಸಿ ಹೋಗುತ್ತಿದ್ದರು, ಅಳಿಯನೆಂದರೆ ಎಷ್ಟಾದರೂ ಹೊರಗಿನವನು.

ಈ ಸಲ ಅತ್ತೆಗೆ ಮೊಣಕಾಲು ನೋವು. ಬುಟ್ಟಿ ಹೊರಲು ಆಳು ಬೇಕಾಯಿತು. ಮಾತೆ ಮರಿಯಳ ಪಟದ ಮುಂದೆ ನಿಲ್ಲಿಸಿ, "ನನ್ನ ಬಾಯಿಂದ ಜಾಗದ ಸುದ್ದಿ ಹೊರಗೆ ಬಂದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ" ಎಂದು ಆಣೆ ಮಾಡಿಸಿ ಕರೆದುಕೊಂಡು ಹೋದರು. ಇಷ್ಟು ವರ್ಷದ ಮೇಲೆ ನನ್ನನ್ನು ಮನೆಯವನೆಂದು ಒಪ್ಪಿಕೊಂಡರಲ್ಲ ಎಂದು ಹಿಗ್ಗಿದೆ. ಬುಟ್ಟಿಯ ಜೊತೆಗೆ ಲೆನ್ಸನ್ನೂ ಹೆಗಲಿಗೇರಿಸಿದೆ.

ಅತ್ತೆ, ಗ್ರಾಝಿನಾ ಪೊದೆಯಾಚೆ ಬಗ್ಗಿ ಅಣಬೆ ಕೊಯ್ಯುತ್ತಿದ್ದರು. ನಾನು ಒಂದು ಬುಟ್ಟಿಯನ್ನು ಕಾರಿನಲ್ಲಿ ಇಟ್ಟು ಬರುತ್ತಿದ್ದೆ. ಆಗ ಮಂಜಿನಿಂದ ಬಂದಿತು ನೋಡಿ, ಮೂಸ್! ಅಣಬೆಗಳ ನಡುವೆ ನಿಂತು, ಅತ್ತೆ ಬಿಟ್ಟು ಹೋಗಿದ್ದ ಕೆಂಪು ಹಿಡಿಯ ಬುಟ್ಟಿಯನ್ನು ಮೂಸಿತು. ನಾನು ನೆಲಕ್ಕೆ ಬಿದ್ದು, ಉಸಿರು ಬಿಗಿಹಿಡಿದು, ಝೂಮನ್ನು ಕೊನೆಯವರೆಗೆ ಹಿಗ್ಗಿಸಿ ಒತ್ತಿದೆ. ಅದೊಂದೇ ಫೋಟೋ. ಆದರೆ ಎಂಥ ಫೋಟೋ! ಮನೆಯವರಿಗೆ ಹೇಳದೆ, ಬೆರಗುಗೊಳಿಸೋಣವೆಂದು, ಊರಿನ ಸಂಸ್ಕೃತಿ ಭವನದ ಶರತ್ಕಾಲದ ಪ್ರದರ್ಶನಕ್ಕೆ ಬಾಗಿಲಿನಷ್ಟು ದೊಡ್ಡದಾಗಿ ಮುದ್ರಿಸಿ ಕೊಟ್ಟೆ.

ಪ್ರದರ್ಶನದ ದಿನ ನನ್ನ ಚಿತ್ರದ ಮುಂದೆ ಜನವೋ ಜನ. ಬೇರೆಯವರ ಸೂರ್ಯಾಸ್ತಗಳು ಅನಾಥವಾಗಿ ನೇತಾಡುತ್ತಿದ್ದವು. ಹೆಂಗಸರು ಚೀಲ ತಡಕಾಡಿ ಓದುವ ಕನ್ನಡಕ ಹಾಕಿಕೊಂಡು ನೋಡಿದರು. ನಮ್ಮೂರಿನವರಿಗೆ ಕಲೆಯ ಮೇಲೆ ಇಷ್ಟು ಹಸಿವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಯಾದ್ವಿಗಾ ಮೂಸಿನ ಕಾಲ ಬಳಿ ಮೂಗಿಟ್ಟು ಎಷ್ಟೋ ಹೊತ್ತು ನಿಂತಿದ್ದಳು.

"ಎಂಥ ಕಾಲುಗಳು!" ಎಂದಳು.

"ಮೂಸಿನ ಕಾಲೇ ಹಾಗೆ," ಎಂದೆ ನಾನು.

"ಮೂಸಾ? ಹೂಂ, ಮೂಸೂ ಇದೆ. ಆ ಕೆಂಪು ಹಿಡಿ ಬುಟ್ಟಿ ಎಲ್ಲೋ ನೋಡಿದ ಹಾಗಿದ್ಯಲ್ಲ? ಇದನ್ನ ಎಲ್ಲಿ ತೆಗೆದ್ರಿ ಮೇಷ್ಟ್ರೇ?"

"ಪ್ರಾಣ ಹೋದ್ರೂ ಹೇಳಲ್ಲ," ಎಂದೆ. ಆಣೆಯ ನೆನಪು ನನಗೆ ಚೆನ್ನಾಗಿಯೇ ಇತ್ತು.

ಆಗ ಹಿಪೊಲಿತ್ ಬಂದ. ಮೂಸನ್ನು ನೋಡಲಿಲ್ಲ, ಮಂಜನ್ನು ನೋಡಲಿಲ್ಲ. ನಾಲ್ಕೂ ಮೂಲೆಗೆ ಕಣ್ಣು ಹಾಯಿಸಿ ತುಟಿ ಸೊಟ್ಟ ಮಾಡಿದ.

"ಪರವಾಗಿಲ್ಲ. ಆದ್ರೂ ಝೂಮ್ ಅಂದ್ರೆ ಝೂಮೇ ಕಣಯ್ಯ. ಮೂಲೆ ಮಸುಕು."

ನನ್ನ ನೆತ್ತಿಗೆ ಬೆಂಕಿ ಹತ್ತಿತು. "ಮಸುಕಾ? ಯಾವುದು ಮಸುಕು? ಕೆಳಗೆ ಆ ಮೂಲೇಲಿ ಗಡಿಕಲ್ಲಿದೆ ನೋಡು. ಅದರ ಮೇಲೆ ಅಂಕಿ ಇದೆ. ಓದು! ಗಟ್ಟಿಯಾಗಿ ಓದು, ಎಲ್ರೂ ಕೇಳ್ಲಿ!"

ನಮ್ಮ ಕಾಡನ್ನೆಲ್ಲ ಚೌಕಚೌಕವಾಗಿ ಭಾಗ ಮಾಡಿ, ಚೌಕಗಳು ಸೇರುವ ಪ್ರತಿ ಮೂಲೆಗೂ ಒಂದು ಕಲ್ಲು ನೆಟ್ಟು ಅಂಕಿ ಬರೆದಿದ್ದಾರೆ. ಅಂಕಿ ಗೊತ್ತಾದರೆ ಕಣ್ಣು ಕಟ್ಟಿ ಬಿಟ್ಟರೂ ನಮ್ಮೂರಿನವರು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಇದೆಲ್ಲ ಭೂಗೋಳದ ಮೇಷ್ಟರಾದ ನನಗೆ ತಿಳಿಯದ ವಿಷಯವೇನಲ್ಲ. ತರಗತಿಯಲ್ಲಿ ನಾನೇ ಪಾಠ ಮಾಡುತ್ತೇನೆ. ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಅಷ್ಟೆ.

ಹಿಪೊಲಿತ್ ಕನ್ನಡಕ ಸರಿಮಾಡಿಕೊಂಡ. ಜೀವಮಾನವೆಲ್ಲ ಪ್ಲಾಟ್‌ಫಾರಂ ಮೇಲೆ ರೈಲುಗಳ ಹೆಸರು ಕೂಗಿದ ಕಂಠ ಅವನದು. ಅದೇ ಕಂಠದಲ್ಲಿ, ಕೊನೆಯ ಸಾಲಿನ ಕಿವುಡರಿಗೂ ಕೇಳುವ ಹಾಗೆ, ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದ. ಹೆಂಗಸರು ಅದನ್ನು ತುಟಿಯಲ್ಲೇ ಬಾಯಿಪಾಠ ಮಾಡಿಕೊಂಡರು.

"ಒಪ್ಕೊಂಡ್ಯಾ?" ಎಂದೆ ಎದೆಯುಬ್ಬಿಸಿ.

"ಒಪ್ಕೊಂಡೆ," ಎಂದ ಹಿಪೊಲಿತ್. "ಚೂಪಾಗಿದೆ."

ಯಾದ್ವಿಗಾ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು. ಜನ ಬಾಗಿಲ ಕಡೆ ನುಗ್ಗಿದರು. ಖಾಲಿಯಾದ ಭವನದ ನಡುವೆ, ಭಾನುವಾರದ ಟೋಪಿ ಧರಿಸಿ, ಅಳಿಯನ ಕೀರ್ತಿ ಕಾಣಲು ಬಂದಿದ್ದ ಅತ್ತೆ ನಿಂತಿದ್ದರು. ಅವರ ಮುಖ ನೋಡಿದ ಮೇಲೆ ನನಗೆ ಭೂಗೋಳವೆಲ್ಲ ಒಟ್ಟಿಗೆ ನೆನಪಾಯಿತು.

ಮರುದಿನ ಬೆಳಗಾಗುವಷ್ಟರಲ್ಲಿ ಕಾಡಿನ ದಾರಿಯುದ್ದಕ್ಕೂ ಕಾರುಗಳು, ಮದುವೆ ದಿಬ್ಬಣ ಬಂದ ಹಾಗೆ. ಅತ್ತೆ ಮಧ್ಯಾಹ್ನ ಹೋಗಿ, ಹುಳ ಹತ್ತಿದ ಒಂದು ಅಣಬೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ ಕೂತರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಅತ್ತೆ, ನನ್ನ ಬಾಯಿಂದ ಒಂದಕ್ಷರ ಬಂದಿಲ್ಲ," ಎಂದೆ ಮೆಲ್ಲಗೆ. "ಓದಿದ್ದು ಹಿಪೊಲಿತ್."

"ಬಾಯಿ ಮುಚ್ಚು ಝೆನೆಕ್," ಎಂದಳು ಗ್ರಾಝಿನಾ. "ನಾನು ಹೇಳಿದ ಲೆನ್ಸು ತಗೊಂಡಿದ್ರೆ ಆ ಅಂಕಿ ಹಿಪೊಲಿತನ ತಾತನಿಗೂ ಓದೋಕೆ ಆಗ್ತಿರ್ಲಿಲ್ಲ."

ಅತ್ತೆಯ ಮೌನವ್ರತ ಮುಂದುವರಿಯಿತು. ನನ್ನ ತಟ್ಟೆಗೆ ಬೀಟ್‌ರೂಟ್ ಸಾರಿನ ತಿಳಿ ಮಾತ್ರ ಬೀಳುತ್ತಿತ್ತು. ಹಾಗಿರುವಾಗ ಒಂದು ಸಂಜೆ ಅವರೇ ನನ್ನ ಪಕ್ಕದಲ್ಲಿ ಬಂದು ಕೂತರು.

"ಅಳಿಯಂದಿರೇ, ನಿಮ್ಮ ಆ ಫಿರಂಗೀಲಿ ಎಷ್ಟು ದೂರದ್ದು ಕಾಣುತ್ತೆ?"

ಕ್ಷಮೆ ಸಿಕ್ಕಿತೆಂದು ನಾನು ಉಬ್ಬಿಹೋದೆ. ಗದ್ದೆಯ ಆಚೆ ಕೂತ ಗಿಡುಗ ಯಾವ ಇಲಿ ತಿನ್ನುತ್ತಿದೆ ಎಂದು ಹೇಳಬಲ್ಲೆ ಅಂದೆ.

"ಹಾಗಾದ್ರೆ ಸರಿ. ಯಾದ್ವಿಗಾಗೂ ಒಂದು ಜಾಗ ಇದೆ. ಹಿಂದೆ ಹೋದ್ರೆ ವಾಸನೆ ಹಿಡೀತಾಳೆ. ದೂರದಿಂದ ನೋಡ್ಬೇಕು."

"ಅತ್ತೆ! ಇದು ವನ್ಯಜೀವಿಗಳಿಗೆ ಅಂತಲೇ ಮಾಡಿದ ಲೆನ್ಸು."

"ಅವಳೇನು ಕಡಿಮೆನಾ?" ಎಂದರು ಅತ್ತೆ.

ಹೀಗೆ ನಾವು ಮೂವರೂ ಮುಂಜಾನೆ ಪೈನ್ ಮರಗಳ ಬುಡದಲ್ಲಿ, ಒದ್ದೆ ಪಾಚಿಯ ಮೇಲೆ ಬೋರಲಾಗಿ ಮಲಗಿದ್ದೆವು. ನಡುವೆ ನಾನು, ಎಡಕ್ಕೆ ಅತ್ತೆ, ಬಲಕ್ಕೆ ಟೀ ಫ್ಲಾಸ್ಕಿನೊಂದಿಗೆ ಗ್ರಾಝಿನಾ. ಹುಲ್ಲುಗಾವಲಿನ ಆಚೆ ಅಂಚಿನಲ್ಲಿ ಯಾದ್ವಿಗಾಳ ಹಳದಿ ರೇನ್‌ಕೋಟು ಬಗ್ಗುತ್ತ ಏಳುತ್ತ ಇತ್ತು.

"ಏನು ಕಾಣುತ್ತೆ?" ಅತ್ತೆ ಪಿಸುಗುಟ್ಟಿದರು.

"ಹಿಂಭಾಗ."

"ಅದು ನಂಗೂ ಕಾಣುತ್ತೆ, ಬರಿಗಣ್ಣಿಗೆ! ಬುಟ್ಟಿ ನೋಡು, ಬುಟ್ಟಿ. ತುಂಬಿದ್ಯಾ?"

ಆಗ ಜೊಂಡು ಸೀಳಿಕೊಂಡು ಒಂದು ಮೂಸ್ ಬಂದಿತು. ಮೊದಲಿನದು ಇದರ ಮುಂದೆ ಕರು. ಮಂಜಿನಲ್ಲಿ ಹೊಂಬಿಸಿಲು, ಕೊಂಬಿನಿಂದ ಜೋತ ಜೇಡರ ಬಲೆಯಲ್ಲಿ ಇಬ್ಬನಿ, ಮೂಗಿನ ಹೊಳ್ಳೆಯಿಂದ ಹಬೆ. ಪ್ರಪಂಚದ ದೊಡ್ಡ ದೊಡ್ಡ ಛಾಯಾಗ್ರಾಹಕರು ಇಂಥದ್ದಕ್ಕೆ ತಪಸ್ಸು ಮಾಡುತ್ತಾರೆ. ಅದು ನೇರ ಬಂದು ನನಗೂ ಯಾದ್ವಿಗಾಳಿಗೂ ನಡುವೆ ನಿಂತು, ನನ್ನ ಕಡೆ ಮುಖ ತಿರುಗಿಸಿತು. ನಾನು ಬೆರಳನ್ನು ಗುಂಡಿಯ ಮೇಲಿಟ್ಟೆ.

"ಏನದು ಅಡ್ಡ?" ಎಂದರು ಅತ್ತೆ.

"ಮೂಸ್, ಅತ್ತೆ. ಒಂದೇ ಒಂದು ಫೋಟೋ..."

"ಬುಟ್ಟಿ ಎತ್ತಿಕೊಳ್ತಿದ್ದಾಳೋ ಏನೋ, ಓಡಿಸು ಅದನ್ನ!"

"ಅತ್ತೆ, ಜೀವಮಾನದಲ್ಲಿ ಇಂಥದ್ದು ಇನ್ನೊಂದ್ಸಲ..."

"ಓಡಿಸು ಅಂದೆ!"

ಗ್ರಾಝಿನಾ ನನ್ನ ಅಂಗೈಯಲ್ಲಿ ಒಂದು ಪೈನ್ ಕಾಯಿ ಇಟ್ಟಳು.

ಎಸೆದೆ. ನೇರ ಪಕ್ಕೆಗೆ ತಾಗಿತು. ಮೂಸ್ ನನ್ನನ್ನೊಮ್ಮೆ ಬಹಳ ಬೇಸರದಿಂದ ನೋಡಿ, ಜೊಂಡಿನೊಳಗೆ ನಡೆದು ಮರೆಯಾಯಿತು. ಕಣ್ಣೊರೆಸಿಕೊಂಡು ಲೆನ್ಸಿಗೆ ಮುಖವಿಟ್ಟೆ. ಈ ಕಡೆ ವಾಲಿದ ಬುಟ್ಟಿ ಈಗ ತಳದವರೆಗೂ ಕಾಣುತ್ತಿತ್ತು.

"ಖಾಲಿ," ಎಂದು ವರದಿ ಮಾಡಿದೆ.

"ಹಾಗಾದ್ರೆ ಅವಳ ಜಾಗ ಇನ್ನೂ ಬಂದಿಲ್ಲ," ಎಂದರು ಅತ್ತೆ, ನನ್ನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟು. "ಕಣ್ಣು ತೆಗೀಬೇಡ."