ಮುಂದೊಂದು ತಗಡು, ಹಿಂದೊಂದು ತಗಡು

ಮನುಷ್ಯನ ಹೆಸರಿನಲ್ಲಿ ಏನಿರಬೇಕು, ಏನಿರಬಾರದು ಎಂಬ ವಿಷಯವಾಗಿ ನಾನು ಈಚೆಗೆ ಬಹಳ ಚಿಂತನೆ ನಡೆಸಿದ್ದೇನೆ. ಹೊಲ, ಮನೆ ಇದ್ದರೆ ಇರಲಿ. ಅವು ಬೆಳಿಗ್ಗೆ ಬಿಟ್ಟ ಜಾಗದಲ್ಲೇ ಸಂಜೆಗೆ ಸಿಗುತ್ತವೆ. ಹೆಂಡತಿ ಮಕ್ಕಳು ಎಲ್ಲಿಗಾದರೂ ಹೊರಟರೆ ಒಂದು ಮಾತು ಹೇಳಿ ಹೋಗುತ್ತಾರೆ. ಆದರೆ ಗಾಲಿಯುಳ್ಳ ವಸ್ತುವೊಂದು ನಿಮ್ಮ ಹೆಸರಿನ ನಂಬರು ಹೊತ್ತುಕೊಂಡು ನಿಮಗೆ ಗೊತ್ತಿಲ್ಲದ ಹಾದಿಯಲ್ಲಿ ಓಡಾಡುತ್ತಿದೆ ಎಂದರೆ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ನಾನು ಹುನಗುಂದದ ಸಾಲೆಯಲ್ಲಿ ಮಾಸ್ತರ. ನನ್ನ ಚರಾಸ್ತಿಯೆಂದರೆ ಒಂದು ಕೊಡೆ ಮತ್ತು ಒಂದು ಕರಿ ಕೋಟು. ಇವೆರಡರಲ್ಲಿ ಎರಡನೆಯದರ ದೆಸೆಯಿಂದಲೇ ನಾನು ಒಂದು ಟ್ರ್ಯಾಕ್ಟರಿನ ಮಾಲೀಕನಾಗಬೇಕಾಯಿತು.

ಟ್ರ್ಯಾಕ್ಟರು ಕೊಂಡವರು ನನ್ನ ಹೆಂಡತಿಯ ಅಣ್ಣ, ಅಮೀನಗಡದ ಹತ್ತಿರದ ಹಳ್ಳಿಯ ಗೌಡರು. ಸುತ್ತಲಿನ ಹಳ್ಳಿಗಳಲ್ಲಿ ಅದೇ ಮೊದಲನೆಯದು. ಅದು ಬಂದ ದಿನ ಊರಿನ ಎತ್ತುಗಳು ಹಗ್ಗ ಹರಿದುಕೊಂಡು ಓಡಿದುವೆಂದೂ, ಕೆಲವು ಎತ್ತುಗಳನ್ನು ಮರುದಿನ ಕಮತಗಿಯ ಹಾದಿಯಲ್ಲಿ ಹುಡುಕಿ ತಂದರೆಂದೂ ಹೇಳುತ್ತಾರೆ. ಗೌಡರು ದುಡ್ಡು ತಾವು ಕೊಟ್ಟರು, ಹೆಸರು ಮಾತ್ರ ನನ್ನದು ಬರೆಸಿದರು. ಕಾರಣ ಕೇಳಿದರೆ, ನಾಳೆ ಸಾಹೇಬರು ಯಾರಾದರೂ ಬಂದು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದರೆ ಉತ್ತರ ಕೊಡಲು ಕೋಟಿನವನೊಬ್ಬ ಬೇಕಲ್ಲ, ಮನೆತನದಲ್ಲಿ ಕೋಟು ಇರುವುದು ನಿಮ್ಮೊಬ್ಬರಿಗೇ ಎಂದರು. ಆಗ ನನಗೆ ಇದು ಗೌರವವೆಂದೇ ತೋರಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಕೋಟಿನ ಗುಂಡಿ ಹಾಕಿ ನೋಡಿಕೊಂಡದ್ದೂ ಉಂಟು.

ಮಾಲೀಕನಾದ ಮೇಲೆ ನಿಯಮ ತಿಳಿಯದಿರುವುದು ಮಾಸ್ತರಿಕೆಗೆ ಶೋಭೆಯಲ್ಲ. ಓದಿ ನೋಡಿದೆ. ನಂಬರಿನ ತಗಡು ಎರಡು ಇರಬೇಕು, ಮುಂದೊಂದು, ಹಿಂದೊಂದು, ಗಟ್ಟಿಯಾಗಿ ಬಿಗಿದಿರಬೇಕು, ದೂರದಿಂದ ಓದಲು ಬರಬೇಕು, ಒಂದು ಗಾಡಿಯ ತಗಡು ಇನ್ನೊಂದಕ್ಕೆ ಏರಕೂಡದು, ಒಕ್ಕಲುತನದ ಗಾಡಿ ಒಕ್ಕಲುತನಕ್ಕೆ ಮಾತ್ರ. ಇದನ್ನೆಲ್ಲ ನಾನು ಗೌಡರ ಪಡಸಾಲೆಯಲ್ಲಿ ಕುಳಿತು ಪಾಠ ಹೇಳುವ ಧ್ವನಿಯಲ್ಲಿ ವಿವರಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು. ಆಮೇಲೆ ತಮ್ಮ ಸಿದ್ಧಾಂತ ಮಂಡಿಸಿದರು: “ನಂಬರ ಸರಕಾರ ಕೊಟ್ಟದ್ದು ನಮ್ಮ ಮನಿತನಕ್ಕರಿ ಮಾಸ್ತರ, ಆ ಕಬ್ಬಿಣಕ್ಕಲ್ಲ. ನಾಳೆ ಟ್ಯಾಕ್ಟರ ಮುರದು ಬಿದ್ರ ನಂಬರ ಸಾಯತೈತೇನು?”

ಈ ಸಿದ್ಧಾಂತ ಆಚರಣೆಗೆ ಬರುವುದಕ್ಕೆ ತಡವಾಗಲಿಲ್ಲ. ಮಹಾನವಮಿಗೆ ತಗಡುಗಳನ್ನು ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೂರಿಗೆ ಕುಂಟೆಗಳ ಸಾಲಿನಲ್ಲಿಟ್ಟು ಪೂಜಿಸಿದರು. ಗೌಡಸಾನಿ ಎರಡಕ್ಕೂ ಅಡ್ಡಡ್ಡ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟರು. ನಂಬರಿನಲ್ಲಿ ಎರಡು ಎಂಟುಗಳು ಅಕ್ಕಪಕ್ಕ ಇದ್ದುವು; ವಿಭೂತಿಯ ದೆಸೆಯಿಂದ ಅವು ಎಂಟೋ ಸೊನ್ನೆಯೋ ಗುರುತು ಸಿಗದಂತಾಯಿತು. ಒರೆಸಿ ಎಂದರೆ, ಹಚ್ಚಿದ ವಿಭೂತಿಯನ್ನು ಕೈಯಾರೆ ಒರೆಸುವುದುಂಟೆ, ತಾನಾಗಿ ಹೋದಾಗ ಹೋಗುತ್ತದೆ ಎಂದರು. ನಮ್ಮ ಸೀಮೆಯ ಮಳೆಯನ್ನು ಬಲ್ಲವರಿಗೆ ಅದು ತಾನಾಗಿ ಎಂದು ಹೋಗುವುದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಅದಾದ ಮೇಲೆ ಹಿಂದಿನ ತಗಡು ಚಕ್ಕಡಿಗೆ ಏರಿತು. ಗೌಡರು ಚಕ್ಕಡಿಯಲ್ಲಿ ಅರಳೆ ಹೇರಿ ಬಾದಾಮಿಯ ಸ್ಟೇಶನ್ನಿಗೆ ಕಳಿಸುತ್ತಿದ್ದರು. ದಾರಿಯ ಸುಂಕದ ನಾಕಾದಲ್ಲಿ ತಡೆದು ನಿಲ್ಲಿಸುತ್ತಾರೆಂಬ ತಕರಾರು ಇತ್ತು. ಎತ್ತಿನ ಚಕ್ಕಡಿಯ ಹಿಂದೆ ಮೋಟಾರಿನ ನಂಬರು ಕಂಡದ್ದೇ ನಾಕಾದವನು ಇದು ಯಾವುದೋ ಸರಕಾರಿ ಇಲಾಖೆಯ ಹೊಸ ಬಗೆಯ ಬಂಡಿಯೆಂದು ತಿಳಿದು, ದಾರಿಗೆ ಅಡ್ಡ ಹಾಕಿದ್ದ ಗಳ ಎತ್ತಿ, ಎತ್ತುಗಳಿಗೆ ಸಲಾಮು ಹೊಡೆದನಂತೆ. ಇನ್ನು ಗೌಡರು ಕೇಳುವರೆ?

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಒಬ್ಬರು ಬಂದು, ನಿಮ್ಮ ಗಾಡಿ ಇಳಕಲ್ಲಿನ ಪೇಟೆಯಲ್ಲಿ ನಿಂತಿತ್ತು ಎನ್ನುವರು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಇನ್ನೊಬ್ಬರು ಬಂದು, ಈಗಷ್ಟೇ ನಿಮ್ಮ ನಂಬರು ಬಾದಾಮಿಯ ಹಾದಿಯಲ್ಲಿ ಕಂಡೆ ಎನ್ನುವರು. ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಳ್ಳುವುದು ಮಹಾತ್ಮರಿಗೆ ಶಕ್ಯ. ನನಗೆ ಅದು ಮಹಾತ್ಮರ ಪುಣ್ಯವಿಲ್ಲದೆಯೇ ಪ್ರಾಪ್ತವಾಯಿತು. ಸಾಲೆಯ ಮುಂದಿನ ರಸ್ತೆಯಲ್ಲಿ ಏನಾದರೂ ಗುಡುಗುಡು ಎಂದರೆ ಹಲಗೆಯ ಮೇಲಿನ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು. ಕಾಕಿ ಬಟ್ಟೆಯವರು ಯಾರು ಎದುರಾದರೂ, ಟಪಾಲಿನವನೇ ಆಗಿರಲಿ, ನಾನು ಓಣಿ ಬದಲಿಸುತ್ತಿದ್ದೆ.

ಹೀಗಿರುವಾಗ ನನ್ನ ಮಗಳು ಸುಶೀಲಾಳಿಗೆ ಒಂದು ಸಂಬಂಧ ಬಂತು. ಹುಡುಗ ಬಾಗಲಕೋಟೆಯಲ್ಲಿ ಕಾರಕೂನ, ಒಳ್ಳೆಯವನು. ಮಗಳಿಗೂ ಮನಸ್ಸಿತ್ತೆಂದು ಅವಳ ತಾಯಿ ಸೂಚಿಸಿದಳು. ಇಂಥದು ಮತ್ತೆ ಸಿಗುವುದಿಲ್ಲವೆಂದು ಬಂಧುಗಳೆಲ್ಲ ಹೇಳಿದರು. ನನಗೂ ಸಂತೋಷವೇ. ಹುಡುಗನ ತಂದೆ ಏನು ಮಾಡುತ್ತಾರೆ ಎಂದು ನಾನು ಕೇಳಿದ್ದೇ ತಪ್ಪಾಯಿತು. ಅವರು ಬಾದಾಮಿಯಲ್ಲಿ ಪೊಲೀಸ್ ಫೌಜದಾರರಾಗಿದ್ದರು.

ಹೆಣ್ಣು ನೋಡಲು ಫೌಜದಾರರು ಟೊಪ್ಪಿಗೆ ಸಮೇತ ಬಂದರು. ಗೌಡರು ಅದಕ್ಕೂ ಮೊದಲೇ ಟ್ರ್ಯಾಕ್ಟರಿನಲ್ಲಿ ಬಂದು, ಅದನ್ನು ಹಿತ್ತಲ ಕಡೆ ನಿಲ್ಲಿಸಿ, ಜಮಖಾನೆಯ ಮೇಲೆ ಕುಳಿತಿದ್ದರು. ಮಳೆ, ಬೆಳೆ, ಮೊಮ್ಮಕ್ಕಳ ಮಾತು ಮುಗಿದು, ಕೆಲಸ ಹೇಗೆ ನಡೆದಿದೆ ಎಂದು ಯಾರೋ ವಿಚಾರಿಸಿದರು. ಫೌಜದಾರರು ಉತ್ಸಾಹದಿಂದ ಹೇಳತೊಡಗಿದರು. ಮೊನ್ನೆ ಸ್ಟೇಶನ್ನಿನ ಹಾದಿಯಲ್ಲಿ ಒಂದು ಚಕ್ಕಡಿ ಸಿಕ್ಕಿತಂತೆ. ಅದರ ಹಿಂದೆ ಮೋಟಾರಿನ ನಂಬರು, ಅದರ ಮೇಲೆ ವಿಭೂತಿ! ಕೇಳಿದರೆ ಎತ್ತು ಹೊಡೆಯುವವನು ನನ್ನದಲ್ಲ, ಮಾಸ್ತರದು ಎಂದನಂತೆ. “ಎತ್ತು ಹಿಡದು ಠಾಣೇಕ ಕಟ್ಟಿದ್ರ ಕಣಕಿ ಹಾಕವ್ರ ಯಾರ್ರಿ? ಅದಕ್ಕ ಬಿಟ್ಟೆ. ನಂಬರ ಯಾರದಂತ ಬಿಜಾಪುರದ ಕಚೇರಿಗೆ ಬರದೇನಿ. ಆ ಮಾಸ್ತರನ ಹೆಸರು ಬರೂದಷ್ಟ ಬಾಕಿ,” ಎಂದು ಅವರು ಮೀಸೆ ಸವರಿದರು. ವಿಭೂತಿ ಸವರಿ ನೋಡಿದರೆ ಎರಡು ಎಂಟು ಅಕ್ಕಪಕ್ಕ ಇದ್ದುವಂತೆ, ಸಾಯುವತನಕ ಮರೆಯುವುದಿಲ್ಲವಂತೆ. ನಾನು ನನ್ನದೇ ಮನೆಯಲ್ಲಿ ನೀರು ಕೇಳಿ ಕುಡಿದೆ.

ಇಷ್ಟು ಕೇಳಿದ ಗೌಡರು ಉಗುಳುವ ನೆವದಿಂದ ಎದ್ದರು. ಹಿತ್ತಲಿಗೆ ಹೋಗಿ, ಟ್ರ್ಯಾಕ್ಟರಿನ ಮುಂದೆ ಉಳಿದಿದ್ದ ಒಂದು ತಗಡನ್ನು ಬಿಚ್ಚಿ, ಕಿಟಕಿಯಿಂದ ಅಡುಗೆಮನೆಗೆ ತೂರಿಸಿ, ಎಲ್ಲಾದರೂ ಇಡವ್ವಾ ಎಂದು ತಂಗಿಗೆ ಹೇಳಿ, ಏನೂ ಅರಿಯದವರಂತೆ ಬಂದು ಕುಳಿತರು. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಒಳಗೆ ನನ್ನ ಹೆಂಡತಿ ಅದನ್ನು ಹಾಲಿನ ಪಾತ್ರೆಯ ಮೇಲೆ, ನಂಬರು ಕೆಳಗಾಗಿ, ಬೋರಲು ಮುಚ್ಚಿದಳು. ಗಡಿಬಿಡಿಯಲ್ಲಿ ಯಾರೋ ಹಾಲು ಬಗ್ಗಿಸಿದರು. ಗಾಬರಿಗೊಂಡಿದ್ದ ಹುಡುಗಿ ಕೈಗೆ ಸಿಕ್ಕ ತಗಡಿನ ಮೇಲೆ ಹಾಲಿನ ಬಟ್ಟಲುಗಳನ್ನಿಟ್ಟುಕೊಂಡು, ತಲೆ ತಗ್ಗಿಸಿ ಹೊರಗೆ ಬಂದಳು.

ನಾವು ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಎಲ್ಲರೂ ಜಮಖಾನೆಯ ಮೇಲೆ ಕುಳಿತಿದ್ದೆವು; ಅವಳು ನಿಂತಿದ್ದಳು. ಹಾಲಿನ ಹಬೆಗೆ ವಿಭೂತಿ ಕರಗಿದ್ದ ತಗಡಿನ ಕೆಳಮೈ ಫೌಜದಾರರ ಕಣ್ಣಿಗೆ ನೇರ ಎದುರಾಗಿ, ನಿಯಮದಲ್ಲಿ ಹೇಳಿದಂತೆ ದೂರದಿಂದಲೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅವರು ಓದಿದರು. ನನ್ನನ್ನು ನೋಡಿದರು. ಮತ್ತೆ ಓದಿದರು. ಹುಡುಗಿ ಬಾಗಿ ಹಾಲು ಕೊಟ್ಟಳು. ಅವರು ಬಟ್ಟಲು ಪೂರ್ತಿ ಬರಿದು ಮಾಡಿ, ಮೀಸೆ ಒರೆಸಿಕೊಂಡು, ಮೆಲ್ಲಗೆ ಅಂದರು: “ತಾಟು ಛಲೋ ಐತ್ರಿ ಮಾಸ್ತರ. ಇದರ ಜೋಡೀದು ಬಾದಾಮ್ಯಾಗ ಕಂಡಿದ್ದೆ.”

ಅಲ್ಲಿಗೆ ಸಂಬಂಧ ಮುಗಿಯಿತೆಂದು ನಾನು ತಿಳಿದೆ. ಸುಶೀಲಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳ ತಾಯಿ ನನ್ನ ಕೋಟನ್ನು ನೋಡಿದಾಗಲೆಲ್ಲ ನಿಟ್ಟುಸಿರು ಬಿಟ್ಟಳು. ಆಮೇಲೆ ಬಾದಾಮಿಯಿಂದ ಮಾತು ಬಂತು: ಹುಡುಗಿ ಒಪ್ಪಿಗೆ, ಕೊಡುವುದು ಬಿಡುವುದು ಏನೂ ಬೇಡ, ಒಂದೇ ಕರಾರು, ಎರಡೂ ತಗಡು ಎಲ್ಲಿರಬೇಕೋ ಅಲ್ಲಿರಬೇಕು. ವರದಕ್ಷಿಣೆಯಾಗಿ ಎರಡು ನಂಬರಿನ ತಗಡುಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಟ್ಟ ಕನ್ಯಾಪಿತೃ ನನ್ನ ಹೊರತು ಇನ್ನೊಬ್ಬನಿರಲಾರ. ನಾನೇ ಬೋಲ್ಟು ತಿರುವುವ ಒಂದು ಪಾನಾ ಕೊಂಡು, ಹಳ್ಳಿಗೆ ಹೋಗಿ, ಚಕ್ಕಡಿಯಿಂದ ತಗಡು ಬಿಚ್ಚಿ, ವಿಭೂತಿ ತೊಳೆದು, ಟ್ರ್ಯಾಕ್ಟರಿನ ಹಿಂದೆ ಮುಂದೆ ದಪ್ಪ ಬೋಲ್ಟು ಹಾಕಿ ಬಿಗಿದೆ. ಗೌಡಸಾನಿ ಮಾತು ಬಿಟ್ಟರು. ಆದರೂ ನಂಬಿಕೆ ಸಾಲದೆ ಪ್ರತಿ ರವಿವಾರ ಹೋಗಿ ಬೋಲ್ಟು ಮುಟ್ಟಿ ನೋಡುತ್ತಿದ್ದೆ. ಪಾನಾ ಸದಾ ಕೋಟಿನ ಕಿಸೆಯಲ್ಲೇ ಇರುತ್ತಿತ್ತು.

ಲಗ್ನ ಹುನಗುಂದದಲ್ಲಿ. ಬೀಗರನ್ನು ಎದುರುಗೊಳ್ಳಲು ನಾನು ಅಮೀನಗಡದವರೆಗೆ ಹೋಗಿದ್ದೆ; ಅವರ ಕೈಗೆ ಕರದಂಟು ಕೊಟ್ಟು ಬಾಯಿ ಸಿಹಿ ಮಾಡಿ ಕರೆತರುವ ಏರ್ಪಾಡು. ಅವರು ಬಾಡಿಗೆಗೆ ಮಾಡಿಕೊಂಡು ಬಂದ ಬಸ್ಸು ಅಂಗಡಿಗಳ ಮುಂದೆ ಬಂದು ನಿಂತಿತು. ನಿಂತದ್ದು ಮತ್ತೆ ಏಳಲಿಲ್ಲ. ಬೀಗರು ಕರದಂಟು ತಿಂದರು, ಇಳಿದು ನೂಕಿದರು, ಮತ್ತೆ ತಿಂದರು. ಮದುಮಗ ಬಾಸಿಂಗ ಕೈಯಲ್ಲಿ ಹಿಡಿದು ರಸ್ತೆ ನೋಡುತ್ತ ನಿಂತ. ಮುಹೂರ್ತ ಹತ್ತಿರವಾಗುತ್ತಿತ್ತು; ಅದು ಮೀರಿದರೆ ಮುಂದಿನದು ಮಾಘಕ್ಕೇ ಎಂದು ಅವರ ಕಡೆಯ ಅಯ್ಯನವರು ಹೇಳಿಬಿಟ್ಟರು. ಅಷ್ಟರಲ್ಲಿ ಸುದ್ದಿ ತಿಳಿದು ಗೌಡರು ಟ್ರ್ಯಾಕ್ಟರಿಗೆ ಹಿಂದಿನ ಗಾಡಿ ಕಟ್ಟಿ, ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಸಿಕೊಂಡು ಬಂದೇಬಿಟ್ಟರು. ತಗಡುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದುವು.

ಫೌಜದಾರರು ಟ್ರ್ಯಾಕ್ಟರನ್ನು ನೋಡಿದರು, ಮಗನನ್ನು ನೋಡಿದರು, ತಗಡನ್ನು ನೋಡಿದರು. ಒಕ್ಕಲುತನದ ಗಾಡಿಯಲ್ಲಿ ದಿಬ್ಬಣ! ಅವರು ನನ್ನನ್ನು ಬೇವಿನ ಮರದ ಮರೆಗೆ ಕರೆದೊಯ್ದರು. “ನಂಬರ ಕಂಡ್ರ ಕೇಸ ಹಾಕಬೇಕಾಗತೈತ್ರಿ ಬೀಗರ,” ಎಂದರು. ಆಮೇಲೆ ದೂರದ ಗುಡ್ಡ ನೋಡುತ್ತ, “ಕಾಣದ ನಂಬರಿಗೆ ನಾ ಏನ ಮಾಡ್ಲಿ?”

ನಂಬರಿಲ್ಲದೆ ಓಡಿಸುವುದೂ ಅಪರಾಧವೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು, ನಿಯಮ ಬಾಯಿಪಾಠವಾಗಿತ್ತು. ಮಗಳ ಮುಖ ನೆನಪಾಗಿ ನಾಲಗೆ ಕಚ್ಚಿಕೊಂಡೆ. ಕಿಸೆಯಿಂದ ಪಾನಾ ತೆಗೆದೆ. ಫೌಜದಾರರು ನಾನು ಕೊನೆಯ ಬೋಲ್ಟು ಬಿಚ್ಚುವತನಕ ಗುಡ್ಡವನ್ನೇ ನೋಡುತ್ತಿದ್ದರು. ಗೌಡರು ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ, ತಮ್ಮ ಸಿದ್ಧಾಂತಕ್ಕೆ ಸರಕಾರದ ಒಪ್ಪಿಗೆ ದೊರೆತವರಂತೆ ಮಂದಹಾಸ ಬೀರಿದರು.

ಬಿಚ್ಚಿದ ತಗಡುಗಳನ್ನು ಗಾಡಿಯಲ್ಲಿಡಲು ಧೈರ್ಯವಾಗಲಿಲ್ಲ. ಗೌಡರ ಕೈಗೆ ಕೊಡಲು ಅದಕ್ಕಿಂತಲೂ ಆಗಲಿಲ್ಲ. ಕೋಟಿನೊಳಗೆ ಎದೆಗೊಂದು, ಬೆನ್ನಿಗೊಂದು ಇಟ್ಟು, ಶಲ್ಯದಿಂದ ಬಿಗಿದುಕೊಂಡೆ. ಮುಹೂರ್ತ ತಪ್ಪಲಿಲ್ಲ. ಹಂದರದ ಬಾಗಿಲಲ್ಲಿ ಬೀಗರು ಬೀಗರು ಅಪ್ಪಿಕೊಳ್ಳುವ ಶಾಸ್ತ್ರ ನಡೆದಾಗ ನನ್ನ ಎದೆಯಿಂದ ಠಣ್ ಎಂಬ ಸಪ್ಪಳ ಬಂತು. ವಾಲಗದವರು ತಾಳದವನ ಕಡೆ ತಿರುಗಿ ನೋಡಿದರು. ಫೌಜದಾರರು ಕಿವಿಯಲ್ಲಿ, ನೆಟ್ಟಗ ನಿಂದರ್ರಿ ಎಂದರು. ನೆಟ್ಟಗಲ್ಲದೆ ಬೇರೆ ರೀತಿ ನಿಲ್ಲಲು ನನಗೆ ಬರುವಂತಿರಲಿಲ್ಲ. ಮಾಸ್ತರು ಎಂಥ ಗತ್ತಿನಿಂದ ಓಡಾಡುತ್ತಿದ್ದಾರೆ ನೋಡಿ ಎಂದು ಊರವರು ಮೆಚ್ಚಿ ಮಾತಾಡಿಕೊಂಡರು. ನಿಜ ಹೇಳಬೇಕೆಂದರೆ, ಆ ದಿನ ಅಮೀನಗಡದಿಂದ ಹುನಗುಂದದವರೆಗೆ, ಮುಂದೊಂದು ಹಿಂದೊಂದು ತಗಡು ಗಟ್ಟಿಯಾಗಿ ಬಿಗಿದುಕೊಂಡು, ನಿಯಮಕ್ಕೆ ಎಳ್ಳಷ್ಟೂ ತಪ್ಪದೆ ಸಂಚರಿಸಿದ ವಾಹನ ನಾನೊಬ್ಬನೇ.